ಹುಲ್ಲುಗಾವಲಿನ ಎರೆಭೂತ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹುಲ್ಲುಬಯಲನ್ನು ಕಂಡು “ಬರಿಯ ಬೀಳುನೆಲ” ಎಂದು ನಮ್ಮ ವಿದ್ಯಾರ್ಥಿಗಳೇ ಅನ್ನುವುದುಂಟು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇದ ಕಾವಲುಗಳು ಇಲ್ಲಿಯವು. ಎರೆಭೂತ ಅಥವಾ ಎರ್ಲಡ್ಡು ಎಂಬ ಮಹಾಪಕ್ಷಿಗೆ ಬೇಕಾದದ್ದು ಇಂತಹ ಬಯಲೇ.

ಸುಮಾರು ಒಂದು ಮೀಟರು ಎತ್ತರದ ಈ ಹಕ್ಕಿಯಲ್ಲಿ ಗಂಡು 15 ಕಿಲೋಗ್ರಾಂವರೆಗೆ ತೂಗಬಲ್ಲುದು. ಮಿಡತೆ, ಓತಿ, ಕಾಳು, ಹಣ್ಣು ಇದರ ಆಹಾರ. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ತಾನೊಬ್ಬಳೇ ಕಾವು ಕೊಡುವುದು. ದಕ್ಷಿಣ ಸಾಗರದ ಅಲೆಮಾರಿ ಆಲ್ಬಟ್ರಾಸ್ ಹಕ್ಕಿಯದೂ ಇದೇ ಲೆಕ್ಕ: ಎರಡು ವರ್ಷಕ್ಕೊಂದು ಮೊಟ್ಟೆ, ದೀರ್ಘವಾದ ಆಯುಸ್ಸು. ಇಂತಹ ಹಕ್ಕಿಗಳಲ್ಲಿ ಬೆಳೆದ ಒಂದು ಸತ್ತರೆ ಆ ನಷ್ಟವನ್ನು ತುಂಬಲು ಅನೇಕ ವರ್ಷಗಳು ಬೇಕು. ಆಲ್ಬಟ್ರಾಸಿಗೆ ಮೃತ್ಯು ಮೀನುಗಾರರ ಉದ್ದನೆಯ ಗಾಳದ ಹಗ್ಗ. ಎರೆಭೂತಕ್ಕೆ ವಿದ್ಯುತ್ತಿನ ತಂತಿ.

ತಂತಿಯನ್ನು ಕಂಡು ತಪ್ಪಿಸಿಕೊಳ್ಳಬಾರದೇಕೆ? ಈ ಜಾತಿಯ ಹಕ್ಕಿಗಳ ಕಣ್ಣುಗಳು ತಲೆಯ ಪಕ್ಕಗಳಲ್ಲಿವೆ. ನೆಲ ನೋಡಲು ತಲೆ ಬಾಗಿಸಿದರೆ ಮುಂದಿನ ದಾರಿ ಕಾಣದು. ಕಂಡರೂ ಭಾರದ ಹಕ್ಕಿ ವೇಗವಾಗಿಯೇ ಹಾರಬೇಕು. ಸೆಕೆಂಡಿಗೆ 15 ಮೀಟರು ವೇಗದಲ್ಲಿ, 30 ಡಿಗ್ರಿ ಓರೆಯಾಗಿ ತಿರುಗುವುದೆಂದು ಭಾವಿಸೋಣ. ವೇಗದ ವರ್ಗವನ್ನು ಗುರುತ್ವವೇಗೋತ್ಕರ್ಷ ಮತ್ತು ಓರೆಕೋನದ ಟ್ಯಾಂಜೆಂಟುಗಳ ಗುಣಲಬ್ಧದಿಂದ ಭಾಗಿಸಿದರೆ ತಿರುವಿನ ತ್ರಿಜ್ಯ ಸುಮಾರು 40 ಮೀಟರು. ವೇಗ ಇಮ್ಮಡಿಯಾದರೆ ತ್ರಿಜ್ಯ ನಾಲ್ಮಡಿ! ತೆಳುವಾದ ತಂತಿ ಅದಕ್ಕಿಂತ ಹತ್ತಿರದಲ್ಲಿ ಕಂಡರೆ ಗತಿಯೇನೆಂಬುದನ್ನು ವಾಚಕರೇ ಊಹಿಸಬಹುದು.

ನೆಲದ ಕಥೆ ಬೇರೆ. ರಾಣೆಬೆನ್ನೂರಿನಲ್ಲಿ ಹಿಂದೆ ಈ ಹಕ್ಕಿಯಿದ್ದ ಬಯಲಿನಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದರು, ಹಕ್ಕಿ ಕಾಣೆಯಾಯಿತು. ಗಿಡ ನೆಡುವುದು ಎಲ್ಲೆಡೆಯೂ ಪುಣ್ಯಕಾರ್ಯವಲ್ಲವೆಂದು ನಮಗೆ ತಿಳಿದದ್ದು ತಡವಾಗಿ. ಚಳ್ಳಕೆರೆಯ ಕಾವಲುಗಳಲ್ಲಿ 9,000 ಎಕರೆಗೂ ಹೆಚ್ಚು ನೆಲ 2009ರಿಂದೀಚೆಗೆ ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೂ ಇತರರಿಗೂ ಹಂಚಿಕೆಯಾಯಿತು. ಚಾಲಕರಹಿತ ವಿಮಾನಗಳನ್ನು ಪರೀಕ್ಷಿಸುವ ಕೇಂದ್ರವೊಂದು 2017ರಲ್ಲಿ ಅಲ್ಲಿ ಆರಂಭವಾಯಿತು. ಭೌತಶಾಸ್ತ್ರ ಬೋಧಿಸುವ ನಾವು ಇದಕ್ಕೆ ಹೆಮ್ಮೆಪಡದಿರಲಾರೆವು. ದನ, ಕುರಿ ಮೇಯಿಸುವವರ ದುಗುಡವೂ ನಮಗೆ ಸುಳ್ಳೆನಿಸದು.

ದಕ್ಷಿಣ ಜಾರ್ಜಿಯ ದ್ವೀಪದ ಸುತ್ತ ಗಾಳಕ್ಕೆ ಭಾರ ಕಟ್ಟಿ, ರಾತ್ರಿಯಲ್ಲಿ ಇಳಿಸಿ, ಬಣ್ಣದ ಪಟ್ಟಿಗಳನ್ನು ಹಾರಿಬಿಟ್ಟು ಆಲ್ಬಟ್ರಾಸಿನ ಸಾವನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾರೆ. ನಮ್ಮಲ್ಲಿ ತಂತಿಗೆ ಗುರುತುಬಿಲ್ಲೆ ತೂಗಹಾಕುವುದು, ತಂತಿಯನ್ನು ನೆಲದೊಳಗೆ ಹೂಳುವುದು ಇವೆರಡೂ ಉಪಾಯಗಳು. ಎರಡನೆಯದು ಬಲು ದುಬಾರಿ. ರಾಜಸ್ಥಾನ, ಗುಜರಾತುಗಳ ತಂತಿಗಳ ಬಗೆಗೆ ಸುಪ್ರೀಂ ಕೋರ್ಟು 2021ರಲ್ಲಿ ಕೊಟ್ಟ ಆದೇಶವನ್ನು 2024ರಲ್ಲಿ ಸಡಿಲಿಸಿತು. ಜೈಸಲ್ಮೇರಿನ ಕೇಂದ್ರದಲ್ಲಿ ಅದೇ ವರ್ಷ ಕೃತಕ ಗರ್ಭಧಾರಣೆಯಿಂದ ಮರಿಯೊಂದು ಹುಟ್ಟಿತು. ಕರ್ನಾಟಕದಲ್ಲಾದರೋ, ಮೊಳಕಾಲ್ಮೂರಿನಾಚೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಈಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಎರೆಭೂತಗಳು ಕಂಡಿವೆ.