ಇಬ್ಬರು ಸೋದರಿಯರ ಚಿತ್ರಪಟ

ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಐರೋಪ್ಯ ಚಿತ್ರಕಲೆಯನ್ನು ಕುರಿತ ದಪ್ಪ ಗ್ರಂಥವೊಂದುಂಟು. ಅದರಲ್ಲಿನ ಒಂದು ಚಿತ್ರವನ್ನು ಮೊದಲು ಕಂಡಾಗ ಯಾವುದೋ ಸಿರಿವಂತರ ಸಂಸಾರವೆಂದು ಭಾವಿಸಿದ್ದೆ. ಒಬ್ಬಾಕೆ ನಿಂತಿದ್ದಾಳೆ, ಇನ್ನೊಬ್ಬಾಕೆ ಕುಳಿತಿದ್ದಾಳೆ, ಪಕ್ಕದಲ್ಲಿ ಗುಲಾಬಿ ಹೂ ನೀಡುತ್ತಿರುವ ಒಂದು ಮಗು. ಆ ಮಗುವಿಗೆ ರೆಕ್ಕೆಗಳಿರುವುದು ಕಣ್ಣಿಗೆ ಬಿದ್ದದ್ದು ಎರಡನೆಯ ಸಲ! ಅದು ಮನೆಯ ಮಗುವಲ್ಲ, ಪಾಶ್ಚಾತ್ಯರ ಮನ್ಮಥನಾದ ಕ್ಯುಪಿಡ್. ನಿಜವಾಗಿ ಬಾಳಿದ ಹೆಂಗಸರ ಭಾವಚಿತ್ರದಲ್ಲಿ ಅವನಿಗೇನು ಕೆಲಸ?

ಇದನ್ನು ಬರೆದವನು ಬರೋಕ್ ಯುಗದ ಹೆಸರಾಂತ ಚಿತ್ರಕಾರ ಆಂಟನಿ ವ್ಯಾನ್ ಡೈಕ್. ಆತನು ೧೫೯೯ರಲ್ಲಿ ಆಂಟ್‌ವರ್ಪ್ ನಗರದಲ್ಲಿ ಹುಟ್ಟಿ, ರೂಬೆನ್ಸನ ಬಳಿ ಪಳಗಿ, ೧೬೩೨ರಲ್ಲಿ ಲಂಡನ್ನಿನಲ್ಲಿ ನೆಲೆಸಿದನು. ಒಂದನೆಯ ಚಾರ್ಲ್ಸ್ ದೊರೆ ಅದೇ ವರ್ಷ ಅವನಿಗೆ ‘ಸರ್’ ಪದವಿಯನ್ನಿತ್ತನು. ಈ ಚಿತ್ರ ೧೬೩೫ರ ಸುಮಾರಿನದು. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಿಂತಿರುವವಳು ಲೇಡಿ ಎಲಿಜಬೆತ್ ತಿಂಬಲ್ಬಿ, ಕುಳಿತಿರುವವಳು ಡೊರೊತಿ. ರಾಣಿಯ ಆಸ್ಥಾನದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ವೈಕೌಂಟ್ ಸ್ಯಾವೇಜನ ಪುತ್ರಿಯರು. ೧೬೩೭ರಲ್ಲಿ ಡೊರೊತಿ ವೈಕೌಂಟ್ ಆಂಡೋವರನ ಕೈಹಿಡಿದಳು.

ಮನ್ಮಥನು ಹೂ ನೀಡುತ್ತಿರುವುದು ಡೊರೊತಿಗೆ. ಗುಲಾಬಿ ವೀನಸ್ ದೇವಿಯ ಹೂವಾದ್ದರಿಂದ ಇಲ್ಲಿ ಪ್ರೇಮದ ಮತ್ತು ವಿವಾಹದ ಸೂಚನೆಯಿದೆಯೆಂಬುದು ಸ್ಪಷ್ಟ. ಆದರೆ ಅಷ್ಟೇ ಅಲ್ಲ. ಡೊರೊತಿ ಎಂಬ ಹೆಸರಿನ ಕ್ರೈಸ್ತ ಸಂತಳೊಬ್ಬಳ ಕಥೆಯಿದೆ. ಧರ್ಮಕ್ಕಾಗಿ ಅವಳನ್ನು ವಧಾಸ್ಥಾನಕ್ಕೆ ಒಯ್ಯುತ್ತಿದ್ದಾಗ ಒಬ್ಬನು, ‘ನಿನ್ನ ಸ್ವರ್ಗದಿಂದ ನನಗೂ ಹಣ್ಣು ಹೂ ಕಳುಹಿಸು’ ಎಂದು ಹಾಸ್ಯಮಾಡಿದನಂತೆ. ಆಗ ಮಗುವೊಂದು ಗುಲಾಬಿ ಮತ್ತು ಸೇಬು ತುಂಬಿದ ಬುಟ್ಟಿಯನ್ನು ತಂದಿತಂತೆ. ಸ್ಯಾವೇಜ್ ಮನೆತನದವರು ಕ್ಯಾಥೊಲಿಕರು. ಆಗಿನ ಇಂಗ್ಲೆಂಡಿನಲ್ಲಿ ಆ ಮತವನ್ನು ಬಹಿರಂಗವಾಗಿ ಆಚರಿಸುವಂತಿರಲಿಲ್ಲ. ಪರರ ಕಣ್ಣಿಗೆ ಮನ್ಮಥ, ಮನೆಯವರ ಕಣ್ಣಿಗೆ ಸಂತಳ ಬಳಿಗೆ ಬಂದ ಮಗು! ಚಿತ್ರಕಾರನ ಜಾಣ್ಮೆ ಇಲ್ಲಿದೆಯೆಂದು ನನಗೆ ತೋರುತ್ತದೆ.

ಇನ್ನು ರೇಷ್ಮೆಯ ಮಾತು. ಅಂದಿನ ಸಿರಿವಂತ ಸ್ತ್ರೀಯರು ಕಸೂತಿಯ ಅಗಲವಾದ ಕೊರಳುಪಟ್ಟಿ ಧರಿಸುತ್ತಿದ್ದರು. ವ್ಯಾನ್ ಡೈಕ್ ಅದನ್ನು ಬಿಟ್ಟು ಬರಿಯ ರೇಷ್ಮೆಯ ಮಡಿಕೆಗಳ ಮೇಲೆ ಬೆಳಕು ಹರಿಯಬಿಟ್ಟಿದ್ದಾನೆ. ಅವನು ಒಬ್ಬೊಬ್ಬರನ್ನು ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೂರಿಸಿಕೊಳ್ಳುತ್ತಿರಲಿಲ್ಲವಂತೆ. ಉಡುಪನ್ನು ಶಿಷ್ಯರು ಬರೆದು ತಂದರೆ ಕೊನೆಗೆ ತಾನು ತಿದ್ದುವನು. ಕೈಗಳಿಗಾಗಿ ಸಂಬಳ ಕೊಟ್ಟು ಬೇರೆಯವರನ್ನು ಇಟ್ಟುಕೊಂಡಿದ್ದನೆಂದೂ ಹೇಳುತ್ತಾರೆ. ಹಾಗಾದರೆ ನಾವು ಮೆಚ್ಚುವ ಈ ನೀಳ ಬೆರಳುಗಳು ಯಾವ ಬಡ ಹೆಂಗಸಿನವೋ!

ವ್ಯಾನ್ ಡೈಕ್ ೧೬೪೧ರಲ್ಲಿ ತೀರಿಕೊಂಡನು. ಮರುವರ್ಷ ದೊರೆಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ೧೬೪೨ರ ಆಗಸ್ಟಿನಲ್ಲಿ ಜನರ ಗುಂಪು ಈ ಸೋದರಿಯರ ತಾಯಿಯ ಮನೆಗಳಿಗೆ ನುಗ್ಗಿತು. ಎಸೆಕ್ಸಿನ ಸೇಂಟ್ ಓಸಿತ್, ಸಫೊಕ್ಕಿನ ಮೆಲ್‌ಫರ್ಡ್ ಎರಡೂ ಲೂಟಿಯಾದವು. ಆ ತಾಯಿ ಸಾಲದಲ್ಲಿ ಮುಳುಗಿ ೧೬೫೧ರಲ್ಲಿ ಸತ್ತಳು. ಇದನ್ನು ತಿಳಿದ ಮೇಲೆ ಆ ಗ್ರಂಥವನ್ನು ಮೂರನೆಯ ಸಲ ತೆರೆದೆ. ಡೊರೊತಿಯ ಮುಖದಲ್ಲಿ ಯಾವ ಆತಂಕವೂ ಇಲ್ಲ.