ಹಗುರ ರೈಫಲ್ ಆಸೆ, ಹಂದಿ ಕಾಟ
ಕಾಡುಹಂದಿಗಳು ಒಂದೇ ರಾತ್ರಿಗೆ ಅರ್ಧ ಎಕರೆ ಗೆಣಸು ಮಗುಚಿ ಹಾಕಿದ ಮೇಲೆ ನಾನೂ ಮೊಬೈಲಲ್ಲಿ ಬೋಲ್ಟ್ ಆ್ಯಕ್ಷನ್ ರೈಫಲ್ ವಿಡಿಯೋ ನೋಡ್ತಾ ಕೂತಿದ್ದೆ. ಅಮೆರಿಕದ ವಯೋಮಿಂಗ್ ಬಯಲಲ್ಲಿ ದಿನವಿಡೀ ನಡೆದು ಪ್ರಾಂಗ್‌ಹಾರ್ನ್ ಬೇಟೆಯಾಡೋರಿಗೆ ಮೂರು ಕಿಲೋದೊಳಗಿನ ರೈಫಲ್ ಸರಿ. ಆದರೆ ಹಗುರಾದಷ್ಟೂ ಹೆಗಲಿಗೆ ಒದೆ ಜಾಸ್ತಿ, ಗುರಿ ನಿಲ್ಲಿಸೋದು ಕಷ್ಟ. ತಪ್ಪಿದ ಗುಂಡು ಎರಡು ಕಿಲೋಮೀಟರ್ ದಾಟಬಹುದು. ನನ್ನ ಹೊಲದಾಚೆ 200 ಮೀಟರಿಗೇ ಶಾಲೆ.

ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದ್ದರೂ ಅದು ಬೇಟೆಗಲ್ಲ ಕಣ್ರೀ. ಅರಣ್ಯ ಇಲಾಖೆ ಅನುಮತಿಯಿಲ್ಲದೆ ಹಂದಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಕೊನೆಗೆ ಸೋಲಾರ್ ಝಟ್ಕಾ ಮಷೀನ್ ತಂದೆ. ಕೆಳಗಿನ ತಂತಿ ನೆಲದಿಂದ ಗೇಣೆತ್ತರ, ಮೂತಿಗೆ ತಾಗೋ ಹಾಗೆ. ಮನೆ ಕರೆಂಟ್ ಮಾತ್ರ ಬೇಲಿಗೆ ಕೊಡಬೇಡಿ, ಮನುಷ್ಯರೇ ಸಾಯ್ತಾರೆ. ಹುಲ್ಲು ತಂತಿಗೆ ತಾಗಿದರೆ ಶಾಕ್ ಇಳಿಯುತ್ತೆ, ಹಾಗಾಗಿ ಈ ವಾರ ಕುಡುಗೋಲೇ ನನ್ನ ಆಯುಧ.