ಬೆಟ್ಟದ ಎತ್ತರವೂ ಮೊದಲ ಆ್ಯಪ್ಪೂ

ಯಾದಗಿರಿಯಲ್ಲಿ ಒಂದು ದಿನ ಕಳೆದವರು ಅಲ್ಲಿಯ ಕೋಟೆಯ ಬೆಟ್ಟವನ್ನು ನೋಡದೆ ಇರಲಾರರು. ಶಹಾಪುರಕ್ಕೆ ಬಂದರೆ, ಮಲಗಿದ ಬುದ್ಧನಂತೆ ದೂರದಿಂದ ತೋರುವ ಬೆಟ್ಟಗಳ ಸಾಲು ಎದುರಾಗುತ್ತದೆ. ಸುರಪುರವಂತೂ ಬೆಟ್ಟಗಳ ನಡುವೆಯೇ ನೆಲೆಗೊಂಡ ಊರು. ಈ ಮೂರು ಊರುಗಳ ವಿದ್ಯಾರ್ಥಿಗಳು ದಿನವೂ ಬೆಟ್ಟವನ್ನು ಕಾಣುತ್ತಾರೆ. ಅನೇಕರ ಕೈಗೆ ಒಂದು ಸ್ಮಾರ್ಟ್‌ಫೋನೂ ಸಿಕ್ಕುತ್ತದೆ. ಆದರೆ ಆ ಫೋನಿನಿಂದಲೇ ಆ ಬೆಟ್ಟವನ್ನು ಅಳೆಯಬಹುದೆಂಬ ಯೋಚನೆ ಎಷ್ಟು ಮಂದಿಗೆ ಬಂದಿದೆ?

ಈ ಭಾಗದ ಕಾಲೇಜೊಂದರಲ್ಲಿ ಭೌತವಿಜ್ಞಾನದ ಪಾಠ ಹೇಳುವ ನಾವು, ಒಂದು ದಿನ ತರಗತಿಯಲ್ಲಿ ಈ ಮಾತನ್ನು ಎತ್ತಿದೆವು. "ಆ್ಯಪ್ ಮಾಡೋದು ಬೆಂಗಳೂರಿನವರ ಕೆಲಸ ರೀ ಸರ್" ಎಂದು ಉತ್ತರ ಬಂತು. ಈ ಉತ್ತರದ ಹಿಂದೆ ಒಂದು ನೋವಿದೆ. 2023 ಮತ್ತು 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಗಳಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲಿ ಕೊನೆಯ ಸ್ಥಾನ ಪಡೆಯಿತು. ಹಿಂದುಳಿದವರೆಂಬ ಮಾತನ್ನು ಪದೇ ಪದೇ ಕೇಳಿದ ಹುಡುಗರು ಅದನ್ನೇ ನಂಬತೊಡಗುವುದು ಸಹಜ. ಆ ನಂಬಿಕೆ ಸರಿಯೆ ಎಂಬುದನ್ನು ವಾದದಿಂದಲ್ಲ, ಪ್ರಯೋಗದಿಂದ ನಿರ್ಧರಿಸೋಣವೆಂದು ನಾವು ಹೊರಟೆವು.

ಆ್ಯಪ್ ಎಂದರೇನು?

ಆ್ಯಪ್ ಎಂಬುದು ಫೋನಿಗೆ ಕೊಟ್ಟ ಆಜ್ಞೆಗಳ ಒಂದು ಕ್ರಮಬದ್ಧ ಪಟ್ಟಿ. ಇಂಥದು ನಡೆದಾಗ ಇಂಥದನ್ನು ಮಾಡು ಎಂದು ನಾವು ಬರೆದಿಡುತ್ತೇವೆ; ಫೋನು ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ. ಅದು ನಮ್ಮ ಮನಸ್ಸಿನಲ್ಲಿದ್ದುದನ್ನು ಊಹಿಸಲಾರದು. ಬರೆದುದನ್ನು ಮಾತ್ರ ಮಾಡಬಲ್ಲದು.

ಈ ಆಜ್ಞೆಗಳನ್ನು ಬರೆಯಲು ಕಾಟ್ಲಿನ್, ಜಾವಾ ಮೊದಲಾದ ಭಾಷೆಗಳಿವೆ. ಹೊಸಬರಿಗೆ ಇದಕ್ಕಿಂತ ಸುಲಭವಾದ ದಾರಿ 'ಆ್ಯಪ್ ಇನ್ವೆಂಟರ್'. ಅಮೆರಿಕದ ಹಾಲ್ ಏಬಲ್‌ಸನ್ ಎಂಬ ಪ್ರಾಧ್ಯಾಪಕರ ಮುಂದಾಳುತನದಲ್ಲಿ ಗೂಗಲ್ ಸಂಸ್ಥೆಯಲ್ಲಿ ಹುಟ್ಟಿದ ಇದು, 2012ರಿಂದ ಎಂ.ಐ.ಟಿ.ಯ ಆಶ್ರಯದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಕಂಪ್ಯೂಟರಿನ ಬ್ರೌಸರಿನಲ್ಲಿ ಇದನ್ನು ತೆರೆದರೆ ಎರಡು ಪುಟಗಳು ಕಾಣುತ್ತವೆ. ಒಂದರಲ್ಲಿ ಪರದೆಯ ಮೇಲೆ ಗುಂಡಿ, ಬರಹ ಮುಂತಾದವನ್ನು ಇಡುತ್ತೇವೆ. ಇನ್ನೊಂದರಲ್ಲಿ ಬಣ್ಣದ ತುಂಡುಗಳಂತಿರುವ ಆಜ್ಞೆಗಳನ್ನು ಒಂದಕ್ಕೊಂದು ಜೋಡಿಸುತ್ತೇವೆ. ಹೊಂದದ ತುಂಡುಗಳು ಕೂಡಿಕೊಳ್ಳುವುದಿಲ್ಲ. ಆದುದರಿಂದ ಕಾಗುಣಿತದ ತಪ್ಪಿಗೆ ಎಡೆಯಿಲ್ಲ. ಪರದೆಯ ಬರಹಗಳನ್ನು ಕನ್ನಡದಲ್ಲಿಯೇ ಇಡಬಹುದು. ನಮ್ಮ ಆ್ಯಪ್ಪಿನಲ್ಲಿ 'ಕೋನ', 'ದೂರ', 'ಎತ್ತರ' ಎಂಬ ಮೂರೇ ಮಾತುಗಳಿದ್ದುವು.

ಫೋನು ಓರೆಯನ್ನು ಅರಿಯುವ ಬಗೆ

ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡ ತಿರುಗುವುದನ್ನು ವಾಚಕರು ಕಂಡಿರಬೇಕು. ಒಳಗಿರುವ ವೇಗೋತ್ಕರ್ಷ ಮಾಪಕದ ಕೆಲಸವಿದು. ಸಿಲಿಕಾನಿನಲ್ಲಿ ಕೊರೆದ ಅತಿ ಸಣ್ಣ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಆಧಾರದ ಮೇಲೆ ನಿಂತಿರುತ್ತದೆ. ಫೋನನ್ನು ಓರೆ ಮಾಡಿದಾಗ ಗುರುತ್ವದಿಂದ ಆ ತೂಕ ಕೊಂಚ ಸರಿಯುತ್ತದೆ. ಪಕ್ಕದ ಫಲಕಗಳಿಗೂ ಅದಕ್ಕೂ ಇರುವ ಅಂತರ ಬದಲಾಗಿ, ವಿದ್ಯುತ್ ಧಾರಕತೆಯೂ ಬದಲಾಗುತ್ತದೆ. ಈ ಬದಲಾವಣೆಯೇ ಅಳತೆ. ಗುರುತ್ವದ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 9.8 ಮೀಟರು. ಫೋನಿನ ತುದಿಯನ್ನು 30 ಡಿಗ್ರಿ ಎತ್ತಿದರೆ ಅದರ ಉದ್ದದ ದಿಕ್ಕಿನಲ್ಲಿ ಇದರ ಅರ್ಧ, ಎಂದರೆ 4.9 ಮಾತ್ರ ಒದಗುತ್ತದೆ; ಏಕೆಂದರೆ 30 ಡಿಗ್ರಿಯ ಸೈನ್ ಬೆಲೆ ಅರ್ಧ. ಪಠ್ಯಪುಸ್ತಕದ ಇಳಿಜಾರು ಹಲಗೆಯ ಪಾಠವೇ ಇದು.

ಮಾಳಿಗೆ ಬಾವಿಯಾದ ಕಥೆ

ಬೆಟ್ಟಕ್ಕೆ ಕೈಹಾಕುವ ಮೊದಲು, ಎತ್ತರ ಗೊತ್ತಿರುವ ವಸ್ತುವೊಂದರ ಮೇಲೆ ಉಪಕರಣವನ್ನು ಪರೀಕ್ಷಿಸಬೇಕು. ಕಾಲೇಜಿನ ಮಾಳಿಗೆಯಿಂದ ಹಗ್ಗ ಇಳಿಬಿಟ್ಟು ಅಳೆದೆವು, 9.1 ಮೀಟರು ಬಂತು. ಬಳಿಕ ಗೋಡೆಯಿಂದ 15 ಮೀಟರು ದೂರ ನಿಂತು, ಫೋನಿನ ಉದ್ದನೆಯ ಅಂಚನ್ನು ಕಣ್ಣಿನ ಬಳಿ ಹಿಡಿದು, ಅದರ ನೇರದಲ್ಲಿ ಮಾಳಿಗೆಯ ತುದಿಯನ್ನು ನೋಡಿದೆವು. ನೋಡುವವನಿಗೆ ಪರದೆ ಕಾಣದು. ಆದುದರಿಂದ ಗುಂಡಿಯೊತ್ತಿದ ಕ್ಷಣದ ಕೋನ ಪರದೆಯ ಮೇಲೆ ನಿಲ್ಲುವಂತೆ ಆಜ್ಞೆ ಸೇರಿಸಬೇಕಾಯಿತು. ದೂರವನ್ನು ಕೋನದ ಟ್ಯಾಂಜೆಂಟಿನಿಂದ ಗುಣಿಸಿದರೆ ಎತ್ತರ. ಆ್ಯಪ್ ಲೆಕ್ಕ ಮಾಡಿ ತೋರಿಸಿತು: ಕೋನ ಋಣ 27 ಡಿಗ್ರಿ, ಎತ್ತರ ಋಣ 7.6 ಮೀಟರು!

"ಸರ್, ನಾವು ಮಾಳಗಿ ಅಳದಿಲ್ರಿ, ಬಾವಿ ಅಳದೀವ್ರಿ" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಆದರೆ ಆ ನಗೆಯಿಂದಲೇ ಕಲಿಕೆ ಆರಂಭವಾಯಿತು. ಆ್ಯಪ್ ಇನ್ವೆಂಟರಿನಲ್ಲಿ ಫೋನಿನ ತಲೆ ಕೆಳಗೆ ಬಾಗಿದರೆ ಕೋನ ಧನ, ಮೇಲೆ ಎದ್ದರೆ ಋಣ. ಇದನ್ನು ನಾವು ಓದಿರಲಿಲ್ಲ. ಚಿಹ್ನೆಯನ್ನು ಕಿತ್ತೊಗೆದರಾಯಿತೆಂದು ಒಬ್ಬಳು ಸೂಚಿಸಿದಳು. ಹಾಗಾದರೆ ಕೋಟೆಯ ಮೇಲೆ ನಿಂತು ಕೆಳಗಿನ ಬೀದಿಯನ್ನು ಅಳೆಯುವವನ ಗತಿಯೇನು? ಅವನಿಗೆ ಋಣ ಚಿಹ್ನೆ ಬೇಕೇ ಬೇಕು. ಕೊನೆಗೆ ಕೋನವನ್ನು ಋಣ 1ರಿಂದ ಗುಣಿಸುವುದೆಂದು ತೀರ್ಮಾನವಾಯಿತು.

ಈಗ 7.6 ಮೀಟರು ಬಂತು. ಆದರೆ ಹಗ್ಗ ಹೇಳಿದುದು 9.1. ಉಳಿದ 1.5 ಮೀಟರು ಎಲ್ಲಿ ಹೋಯಿತು? ನೋಡುವವನ ಕಣ್ಣು ನೆಲದಲ್ಲಿಲ್ಲ, ನೆಲದಿಂದ ಅಷ್ಟೇ ಎತ್ತರದಲ್ಲಿದೆ! ಅದನ್ನೂ ಕೂಡಿಸುವ ಆಜ್ಞೆ ಸೇರಿದ ಮೇಲೆ ಹಗ್ಗವೂ ಫೋನೂ ಒಂದೇ ಮಾತು ಹೇಳಿದುವು.

ಇನ್ನೊಂದು ಎಚ್ಚರಿಕೆ. ಆ್ಯಪ್ ಇನ್ವೆಂಟರಿನ ಟ್ಯಾಂಜೆಂಟ್ ಆಜ್ಞೆಗೆ ಕೋನವನ್ನು ಡಿಗ್ರಿಯಲ್ಲಿ ಕೊಡಬೇಕು. ಕಾಟ್ಲಿನ್, ಜಾವಾ ಭಾಷೆಗಳಲ್ಲಿ ರೇಡಿಯನ್ನಿನಲ್ಲಿ. ಇದನ್ನು ಮರೆತು 30 ಎಂದು ಬರೆದರೆ 0.577ಕ್ಕೆ ಬದಲು ಸುಮಾರು ಋಣ 6.4 ಬರುತ್ತದೆ. ಮಾನವನ್ನು ನಮೂದಿಸದ ಸಂಖ್ಯೆಗೆ ಅರ್ಥವಿಲ್ಲವೆಂದು ಪ್ರಯೋಗಾಲಯದಲ್ಲಿ ನಾವು ಹೇಳುವುದು ಇದಕ್ಕಾಗಿಯೇ.

ಬೆಟ್ಟದ ಮುಂದೆ

ಬೆಟ್ಟದ ನೆತ್ತಿಯ ನೇರ ಕೆಳಗಿನ ಬಿಂದು ಬಂಡೆಗಳ ಒಳಗೆ ಅಡಗಿದೆ. ಅಲ್ಲಿಯವರೆಗಿನ ದೂರವನ್ನು ಟೇಪಿನಿಂದ ಅಳೆಯಲಾಗದು. ಇದಕ್ಕೆ ಉಪಾಯವುಂಟು. ಸಮತಟ್ಟಾದ ನೆಲದ ಮೇಲೆ, ಬೆಟ್ಟದ ನೇರಕ್ಕೆ ಎರಡು ಕಡೆ ನಿಂತು ಎರಡು ಕೋನಗಳನ್ನು ಅಳೆಯಬೇಕು. ನಿಂತ ಜಾಗಗಳ ನಡುವಣ ದೂರವನ್ನು ಆ ಕೋನಗಳ ಕೋಟ್ಯಾಂಜೆಂಟುಗಳ ವ್ಯತ್ಯಾಸದಿಂದ ಭಾಗಿಸಿದರೆ, ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ ದೊರೆಯುತ್ತದೆ. ದೂರ 100 ಮೀಟರು, ಕೋನಗಳು 15 ಮತ್ತು 20 ಡಿಗ್ರಿ ಎಂದಿಟ್ಟುಕೊಳ್ಳೋಣ. ಉತ್ತರ ಸುಮಾರು 102 ಮೀಟರು. ಕೈ ನಡುಗಿ, 15ಕ್ಕೆ ಬದಲು 16 ಎಂದು ಬಂದರೆ? ಉತ್ತರ 135 ಮೀಟರಿಗೆ ಜಿಗಿಯುತ್ತದೆ! ಮಾಳಿಗೆಯನ್ನು ಅಳೆಯುವಾಗ ಒಂದು ಡಿಗ್ರಿಯ ತಪ್ಪಿಗೆ 33 ಸೆಂಟಿಮೀಟರು ಮಾತ್ರ ವ್ಯತ್ಯಾಸವಾಗುತ್ತಿತ್ತು. ಇಲ್ಲಿ 33 ಮೀಟರು.

1802ರಲ್ಲಿ ಮದ್ರಾಸಿನ ಬಳಿ ಮಹಾ ತ್ರಿಕೋನಮಿತಿಯ ಮೋಜಣಿಯನ್ನು ಆರಂಭಿಸಿದ ವಿಲಿಯಂ ಲ್ಯಾಂಬ್‌ಟನ್ ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಊರಿಂದೂರಿಗೆ ಏಕೆ ಹೊರಿಸಿದನೆಂಬುದು ಈಗ ತಿಳಿಯಿತಲ್ಲವೆ? ಕೋನದಲ್ಲಿ ಅತ್ಯಲ್ಪ ತಪ್ಪೂ ಅವನಿಗೆ ಸಲ್ಲುತ್ತಿರಲಿಲ್ಲ. ನಮ್ಮ ಬಳಿ ಅಂಥ ಯಂತ್ರವಿಲ್ಲ. ಆದರೆ ನಿಂತ ಜಾಗಗಳ ಅಂತರವನ್ನು ಹೆಚ್ಚಿಸಬಹುದು. ಒಂದರ ಬದಲು 16 ಸಲ ಅಳೆದು ಸರಾಸರಿ ತೆಗೆಯಬಹುದು. ಕೈ ನಡುಕದಂಥ ಗೊತ್ತುಗುರಿಯಿಲ್ಲದ ದೋಷ ಆಗ ಕಾಲುಭಾಗಕ್ಕೆ ಇಳಿಯುತ್ತದೆ. ಸರಾಸರಿ ತೆಗೆಯುವ ಕೆಲಸವನ್ನು ಆ್ಯಪ್ಪಿಗೇ ಒಪ್ಪಿಸಬಹುದು. ಇದೇ ನಮ್ಮ ವಿದ್ಯಾರ್ಥಿಗಳ ಮುಂದಿನ ಪಾಠ. ಫೋನಿನ ಅಂಚಿನಿಂದ ಸೂರ್ಯನ ಕಡೆಗೆ ಮಾತ್ರ ಎಂದೂ ಗುರಿಯಿಡಬಾರದು, ಕಣ್ಣಿಗೆ ಅಪಾಯ.

ಹೊಸದಾಗಿ ಆ್ಯಪ್ ಕಲಿಯುವವರಿಗೆ ನಾವು ಹೇಳುವ ಮಾತು ಇಷ್ಟೆ: ಮೊದಲ ಆ್ಯಪ್ ಚಿಕ್ಕದಾಗಿರಲಿ, ನಿಮ್ಮದೇ ಊರಿನ ಪ್ರಶ್ನೆಯೊಂದಕ್ಕೆ ಉತ್ತರ ಹುಡುಕಲಿ, ಆ ಉತ್ತರವನ್ನು ಬೇರೊಂದು ದಾರಿಯಿಂದ ಪರೀಕ್ಷಿಸಲು ಬರುವಂತಿರಲಿ. ನಮಗೆ ಹಗ್ಗವಿಲ್ಲದಿದ್ದರೆ, ಕಳೆದುಹೋದ ಒಂದೂವರೆ ಮೀಟರು ಸಿಕ್ಕುತ್ತಲೇ ಇರಲಿಲ್ಲ.

ಆ್ಯಪ್ ಮಾಡುವುದು ಬೆಂಗಳೂರಿನವರ ಕೆಲಸವೆಂದ ಹುಡುಗರು ಈಗ ಬೆಟ್ಟದ ಬುಡದಲ್ಲಿ ಸಮತಟ್ಟಾದ ನೆಲ ಎಲ್ಲಿದೆಯೆಂದು ಹುಡುಕುತ್ತಿದ್ದಾರೆ.